ತಾಳಿ ನುಂಗಿದ ಡಿಸ್ಕು

ಮಗಳ ಮದುವೆಯ ವಿಡಿಯೊದಲ್ಲಿ ತಾಳಿ ಕಟ್ಟುವುದೇ ಇಲ್ಲ ಎಂದು ಪ್ರೇಮವ್ವ, ಅದನ್ನು ತುಂಬಿಸಿಕೊಂಡು ಹೋಗಿದ್ದ ಹಾರ್ಡ್ ಡಿಸ್ಕನ್ನು ಹಿಡಿದು ರಾಣೆಬೆನ್ನೂರಿನ ಮುಸ್ತಾಕನ ಸ್ಟುಡಿಯೊಗೆ ನುಗ್ಗಿದಾಗ ಅವನ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಬಿತ್ತು.

“ಅಳಿಯ ತಾಳಿ ಕೈಯಾಗ ಹಿಡೀತಾನ, ಟೀವಿ ಕಪ್ಪಾಗಿ ಕುಂದರ್ತೈತಿ! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ; ನಮ್ಮ ಬ್ಯಾಡಗಿ ಬೀಗತಿ ಹಂಗಲ್ಲ. ಸಂಜಿಗೆ ಅವರ ಮಂದಿ ಎಲ್ಲಾ ನೋಡಾಕ ಕೂಡ್ತಾರ. ತಾಳಿ ಕಾಣಲಿಲ್ಲಂದ್ರ ನನ್ನ ಮಗಳನ್ನ ಸಾಯೋತನಕ ಆಡ್ಕೋತಾರ. ರೈಲಿನ ಹೊತ್ತಿಗೆ ಸರಿಮಾಡಿ ಕೊಡು ತಮ್ಮಾ.”

ಮುಸ್ತಾಕನಿಗೆ ಮೊದಲು ಅನುಮಾನ ಬಂದದ್ದು ಎದುರಿನ ಸ್ಟುಡಿಯೊದವನ ಮೇಲೆ. ಆಮೇಲೆ ಪ್ರೇಮವ್ವನ ಟೀವಿಯ ಮೇಲೆ. ಅಷ್ಟರಲ್ಲಿ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಮಾಲತೇಶ ಕರೆಯದೆಯೇ ಬಂದು ನಿಂತ.

“ಕಾಪಿ ಮುಗೀತು ಅಂದಕೂಡ್ಲೆ ವೈರ್ ಕಿತ್ತೀಯೇನು ಭಾಯ್?”

“ಪರದೆನ ‘ಮುಗೀತು’ ಅಂದಮ್ಯಾಲ ನಾ ಏನ್ ಪೂಜಿ ಮಾಡ್ಲಿ?”

“ಮದುವಿಯೊಳಗ ಆಯೇರಿ, ಉಡುಗೊರಿ ಇಸ್ಕೊಂಡವರು ‘ಮುಟ್ಟಿತ್ರಿ’ ಅಂತಾರ. ಸೀರಿ ಮಾತ್ರ ಇನ್ನೂ ತೊಡಿ ಮ್ಯಾಲೆ ಇರ್ತೈತಿ, ಆಮ್ಯಾಲ ಟ್ರಂಕಿಗೆ. ಇದೂ ಹಂಗ. ಮೊದಲು ಮೆಮೊರಿಯೊಳಗ ಇಟ್ಕೊಂಡು, ಆಮ್ಯಾಲ ಡಿಸ್ಕಿಗೆ ಬರೀತೈತಿ. ನಡುವ ಕಿತ್ತಿ, ತೊಡಿ ಮ್ಯಾಲಿಂದು ಹೋತು.”

“ಅಂದ್ರ ಸುಳ್ಳು ಹೇಳ್ತೈತಿ!”

“ಓದುವಾಗ ಇನ್ನೂ ಚುರುಕು. ನೀ ವಿಡಿಯೊದಾಗ ಅಕ್ಕಿಕಾಳು ಹಾಕೋದು ನೋಡೋದ್ರಾಗ ಅದು ಊಟದ ಪಂಕ್ತಿ ತೆಗೆದು ಇಟ್ಕೊಂಡಿರ್ತೈತಿ. ಮುಂದ ಅದನ್ನ ಕೇಳ್ತಿ ಅಂತ ಅಂದಾಜು.”

“ನಮ್ಮ ಸೊಸಿನೂ ಹಂಗ. ಒಂದ್ ರೊಟ್ಟಿ ಮುಗಿಯೋದ್ರಾಗ ಇನ್ನೊಂದ್ ಬಿದ್ದಿರ್ತೈತಿ” ಎಂದಳು ಪ್ರೇಮವ್ವ, ಸಿಟ್ಟಿನ ನಡುವೆಯೂ.

“ನಾ ಕೇಳದ್ದನ್ನ ಇದು ಯಾಕ ನೋಡ್ತೈತಿ?” ಸಂತೆಯಲ್ಲಿ ಜೇಬಿಗೆ ಹೊಂಚು ಹಾಕಿ ನಿಂತವನನ್ನು ನೋಡುವಂತೆ ಮುಸ್ತಾಕ್ ಡಿಸ್ಕನ್ನು ನೋಡಿದ.

“ಕೀಳೂಕಿಂತ ಮೊದಲ ಕಂಪ್ಯೂಟರನ್ನ ಕೇಳು, ಅದು ‘ತೆಗಿ’ ಅಂದಮ್ಯಾಲ ತೆಗಿ” ಎಂದು ಹೇಳಿ ಮಾಲತೇಶ ಗಿರಾಕಿ ಬಂದರೆಂದು ಓಡಿದ.

ಆದರೆ ಒಮ್ಮೆ ಸುಳ್ಳು ಹೇಳಿದವರ ಮಾತನ್ನು ಮತ್ತೆ ಕೇಳುವ ಮನುಷ್ಯ ಮುಸ್ತಾಕ್ ಅಲ್ಲ. ಕಂಪ್ಯೂಟರಿನಲ್ಲಿದ್ದ ಅಸಲು ವಿಡಿಯೊವನ್ನು ಮತ್ತೆ ಕಾಪಿಗೆ ಹಚ್ಚಿ, ಪರದೆಯನ್ನೇ ಆರಿಸಿಬಿಟ್ಟ. ಡಿಸ್ಕಿನ ಮೈಮೇಲಿನ ಪುಟ್ಟ ನೀಲಿ ದೀಪವೊಂದನ್ನೇ ನಂಬಿದ. ಅದು ಕಣ್ಣು ಹೊಡೆಯುತ್ತಿರುವಷ್ಟು ಹೊತ್ತು ಡಿಸ್ಕು ಬರೆಯುತ್ತಿದೆ, ನಿಲ್ಲಿಸಿದರೆ ಮುಗಿಯಿತು. ಇಲಿಯ ಬಿಲದ ಮುಂದಿನ ಬೆಕ್ಕಿನಂತೆ ಮೂಗು ತಾಗಿಸಿ ಕುಳಿತ.

“ರೈಲಿಗೆ ಹೊತ್ತಾತೋ!”

“ಇನ್ನೂ ಕಣ್ಣ ಹೊಡ್ಯಾಕತ್ತೈತಿ, ತಡೀರಿ ಅಕ್ಕಾರ.”

ಹೊರಗೆ ಆಟೋದವನು ಹಾರನ್ ಒತ್ತಿದ. ಆಗ ದೀಪ ಆರಿತು. ಮುಸ್ತಾಕ್ ಆಗಲೂ ನಂಬಲಿಲ್ಲ; ಉಸಿರು ಹಿಡಿದು ಕಾದ. ದೀಪ ಮತ್ತೆ ಹೊತ್ತಲಿಲ್ಲ. ವೈರ್ ಕಿತ್ತು ಡಿಸ್ಕನ್ನು ಪ್ರೇಮವ್ವನ ಕೈಗಿಟ್ಟ.

“ಈ ಸಲ ತಾಳಿ ಖರೇನ ಕಟ್ಟೈತ್ರಿ!”

ಆಟೋ ಸ್ಟೇಷನ್ನಿನತ್ತ ಹಾರಿತು. ಮಾಲತೇಶ ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಬಂದ.

“ಕಂಪ್ಯೂಟರ್ ‘ತೆಗಿ’ ಅಂತೇನು?”

“ಅದನ್ಯಾರು ಕೇಳ್ತಾರ? ಪರದೆ ಆರಿಸಿ ಕುಂತಿದ್ದೆ. ದೀಪ ಸುಳ್ಳು ಹೇಳಂಗಿಲ್ಲ, ತಾನಾಗೇ ಆರ್ತು” ಎಂದು ಮುಸ್ತಾಕ್ ಬೆವರು ಒರೆಸಿಕೊಂಡ.

ಮಾಲತೇಶ ರಟ್ಟನ್ನು ಮೇಲಕ್ಕೆತ್ತಿ ತೋರಿಸಿದ. ಫ್ಯಾನು ಅಲ್ಲಾಡದೆ ನಿಂತಿತ್ತು.

“ಇಡೀ ಬಜಾರದ್ದ ಆರೈತಿ ಭಾಯ್, ಕರೆಂಟ್ ಹೋಗಿ.”

ಸ್ಟೇಷನ್ ಕಡೆಯಿಂದ ಬ್ಯಾಡಗಿಗೆ ಹೊರಟ ರೈಲು ಕೂಗಿತು.