ಅದೇ ತಂತಿಯೊಳಗೆ ಮಸ್ಕತ್ತು

ಫೋನಿನ ಅಂಗಡಿ ಇಟ್ಟವನಿಗೆ ಊರಿನವರ ಗುಟ್ಟೆಲ್ಲ ಗೊತ್ತಿರುತ್ತದೆ ಅನ್ನುತ್ತಾರೆ. ಗುಟ್ಟಿನ ಮಾತು ಆಮೇಲೆ, ಮೊದಲು ಅವನು ನಗು ತಡೆಯುವುದನ್ನು ಕಲಿಯಬೇಕು. ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಎಸ್‌ಟಿಡಿ ಅಂಗಡಿ. ಸುತ್ತ ಮಗ್ಗಗಳ ಸದ್ದು, ಒಳಗೆ ಗಿರಾಕಿಗಳ ಸದ್ದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ಅಂಗಡಿಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಇಂಟರ್ನೆಟ್ ಫೋನು, ಇಂಟರ್ನೆಟ್ ಫ್ಯಾಕ್ಸು ಬಂದವು. ಆಮೇಲೆ ನಮ್ಮಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅವತ್ತು ಮಾತ್ರ ಎಲ್ಲರೂ ಬಾಯಿ ತೆರೆದು ನಿಂತಿದ್ದೆವು, ಅಂಗಡಿ ಮಾಲಕನಾದ ನಾನೂ ಸೇರಿ.

ಚೀಟಿ

ಕಂಪ್ಯೂಟರ್ ಬರುವ ಮೊದಲು ನನ್ನ ಗಾಜಿನ ಗೂಡಿನಲ್ಲಿ ಕೆಂಪು ಅಂಕಿಗಳ ಮೀಟರ್ ಒಂದಿತ್ತು. ಅದು ಓಡತೊಡಗಿದರೆ ಮನುಷ್ಯರ ನಾಲಿಗೆಯೂ ಓಡುತ್ತಿತ್ತು. ಪರದೇಶಕ್ಕೆ ಫೋನ್ ಮಾಡುವವರು ಆಡಬೇಕಾದ ಮಾತನ್ನೆಲ್ಲ ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು.

ಖಾನಾಪುರದಿಂದ ಪ್ರತಿ ರವಿವಾರ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಚೀಟಿ ಎಲ್ಲರದಕ್ಕಿಂತ ಉದ್ದ. ಅವಳ ಗಂಡ ಮಸ್ಕತ್ತಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಚಪಾತಿ ಮಾಡುವ ಕೆಲಸಕ್ಕಿದ್ದ. ಹೋಗಿ ಮೂರು ವರ್ಷವಾಗಿತ್ತು. ಆಗ ಹೊಟ್ಟೆಯಲ್ಲಿದ್ದ ಮಗಳಿಗೆ ಅಪ್ಪ ಅಂದರೆ ನನ್ನ ಅಂಗಡಿಯ ಕರಿ ರಿಸೀವರು. ಬಂದ ಕೂಡಲೇ ಅದಕ್ಕೊಂದು ಮುದ್ದು ಕೊಡುತ್ತಿತ್ತು. ಚೀಟಿ ಬರೆದು ಕಳಿಸುವವನು ಆಕೆಯ ಮಾವ. ಯಾವುದೋ ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು.

ಆಕೆ ಒಂದೇ ಉಸಿರಿಗೆ ಓದುತ್ತಿದ್ದಳು: "ಎಲ್ಲಾರೂ ಆರಾಮ ಅದಾರ, ಅತ್ತೀ ಮೊಣಕಾಲು ಹಂಗ ಐತಿ, ಎಮ್ಮಿ ಈದೈತಿ, ಹೆಣ್ಗರಾ, ಬಾಜು ಮನಿ ಗ್ವಾಡಿ ಬಿದ್ದೈತಿ, ನಮ್ಮ ಕಡೆ ಬಿದ್ದಿಲ್ಲ, ಕರಾರು ಮುಗದ ಮ್ಯಾಲೆ ಇನ್ನೆರಡು ವರ್ಷಕ್ಕ ಸಹಿ ಮಾಡ್ಬೇಕಂತ ಮಾವ ಹೇಳ್ಯಾರ, ಫೋನ್ ಇಡ್ಲ್ಯಾ?"

ಕರಾರು ಮುಗಿಯಲು ಎರಡೇ ತಿಂಗಳಿತ್ತು. ಸಹಿಯ ಮಾತು ಓದುವಾಗ ಆಕೆಯ ದನಿ ಕುಸಿಯುತ್ತಿತ್ತು. ಗಂಡ ಮನೆಗೆ ಬರಲಿ ಅನ್ನುವ ಆಸೆ ಮುಖದ ಮೇಲೇ ಬರೆದಿತ್ತು, ಆದರೆ ಚೀಟಿಯಲ್ಲಿ ಇರಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿದೆ: "ಅಕ್ಕಾರ, ಇದರಾಗ ನಿಮ್ಮ ಮಾತು ಯಾವುದ್ರಿ?"

ಆಕೆ ಚೀಟಿಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದಳು. "ಕಡೀದ್ರಿ ಅಣ್ಣಾರ. 'ಇಡ್ಲ್ಯಾ' ಅನ್ನೂದಷ್ಟ ನಂದು."

ಲೈನ್‌ಮನ್

ಕಂಪ್ಯೂಟರ್ ಜೋಡಿಸಿದ ವಾರ ಲೈನ್‌ಮನ್ ಬಂದ. ನಮ್ಮ ಓಣಿಯ ಟೆಲಿಫೋನ್ ಕಂಬಗಳನ್ನು ಇಪ್ಪತ್ತು ವರ್ಷದಿಂದ ಹತ್ತಿ ಇಳಿದವನು.

"ಇಂಟರ್ನೆಟ್ಟಿನ ತಂತಿ ಎಲ್ಲೈತ್ರಿ?" ಎಂದ.

"ಬ್ಯಾರೆ ತಂತಿ ಇಲ್ಲ. ನೀ ಎಳದ ತಂತ್ಯಾಗನ ಬರ್ತೈತಿ."

"ಸುಳ್ಳ ಹೇಳಬ್ಯಾಡ್ರಿ. ಆ ತಂತ್ಯಾಗ ಏನೈತಿ ಏನಿಲ್ಲಾ ನನಗ ಗೊತ್ತಿಲ್ಲೇನು?"

ಮಾತು ಬೆಳೆಸದೆ ಮಸ್ಕತ್ತಿನ ಒಂದು ಚಿತ್ರ ತೆರೆದೆ. ಪರದೆಯ ಮೇಲಿನಿಂದ ಸಾಲುಸಾಲಾಗಿ ಮೊದಲು ಆಕಾಶ ಇಳಿಯಿತು, ಬಹಳ ಹೊತ್ತಿನ ಮೇಲೆ ಗುಡ್ಡ, ಅದರ ಕೆಳಗೆ ಸಮುದ್ರ, ಕಡೆಗೆ ದೋಣಿ. ಪೂರ್ತಿ ಇಳಿಯುವವರೆಗೂ ಅವನು ನಾನು ತರಿಸಿಟ್ಟ ಚಾ ಮುಟ್ಟಲಿಲ್ಲ. ನಾನೂ ಹತ್ತಾರು ಸಲ ನೋಡಿದ್ದರೂ ಮತ್ತೆ ನೋಡುತ್ತ ನಿಂತೆ. ಒಂದು ಸಮುದ್ರ ಪೂರ್ತಿ ನಮ್ಮ ಓಣಿಯ ಕಂಬ ಹತ್ತಿ ಬಂದಿತ್ತಲ್ಲ!

ಅವನು ಹೊರಗೆ ಹೋಗಿ ಕಂಬದ ಮೇಲೆ ಕೈಯಿಟ್ಟು, "ಏನೋ ಮಗನ, ಇಷ್ಟೆಲ್ಲಾ ನಿನಗ ಬರ್ತಿತ್ತಂದ್ರ ನನಗೊಂದ ಮಾತು ಹೇಳಬೇಕಿಲ್ಲೋ?" ಎಂದು ಬೈದುಕೊಂಡು ಹೋದ.

ಖರೇ ಫ್ಯಾಕ್ಸು

ನನ್ನ ಹಳೆಯ ಫ್ಯಾಕ್ಸ್ ಮಷಿನ್ನು ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು. ಅದರ ನುಣುಪು ಕಾಗದ ಹೊರಬರುವಾಗಲೇ ಸುರುಳಿಯಾಗುತ್ತಿತ್ತು. ಆರು ತಿಂಗಳಲ್ಲಿ ಅಕ್ಷರವೆಲ್ಲ ಮಾಯವಾಗಿ ಕೈಯಲ್ಲಿ ಬರೀ ಬಿಳಿ ಹಾಳೆ ಉಳಿಯುತ್ತಿತ್ತು. ಇಂಟರ್ನೆಟ್ಟಿನಲ್ಲಿ ಹಾಗಲ್ಲ. ಫ್ಯಾಕ್ಸು ಕಂಪ್ಯೂಟರಿಗೇ ಬರುತ್ತದೆ, ಬೇಕಾದಾಗ ಸಾದಾ ಕಾಗದದ ಮೇಲೆ ಅಚ್ಚು ತೆಗೆದರಾಯಿತು, ವರ್ಷಗಟ್ಟಲೆ ಇರುತ್ತದೆ.

ಬಾಜು ಮನೆಯ ನೇಕಾರರಿಗೆ ಪುಣೆಯ ವ್ಯಾಪಾರಿಯಿಂದ ಸೀರೆಗಳ ಆರ್ಡರ್ ಹೀಗೆಯೇ ಬಂತು, ಜೊತೆಗೆ ಮಾದರಿ ಸೀರೆಯ ಬಣ್ಣದ ಚಿತ್ರ. ಅವರು ಪರದೆಯ ಮೇಲೆ ಸೀರೆಯನ್ನು ಒಂದು ನಿಮಿಷ ನೋಡಿ, ಎದ್ದು ಕಂಪ್ಯೂಟರಿನ ಹಿಂದೆ ಹೋಗಿ ಬಗ್ಗಿದರು. "ಏನ್ ಹುಡುಕತೀರಿ?" ಎಂದರೆ, "ಸೀರಿ ಹಿಂದಿನ ಮಗ್ಗಲು ನೋಡ್ದ ನೇಯ್ಗಿ ಹೆಂಗ ತಿಳೀಬೇಕ್ರಿ?" ಎಂದರು.

ಆ ಆರ್ಡರಿನ ಪ್ರತಿ ತೋರಿಸಿ ಅವರು ಒಂದು ಕಚೇರಿಯಿಂದ ನೂಲು ಬಿಡಿಸಿಕೊಳ್ಳಬೇಕಿತ್ತು. ಮಧ್ಯಾಹ್ನ ಮುಖ ಸಣ್ಣ ಮಾಡಿಕೊಂಡು ವಾಪಸ್ ಬಂದರು. "ಗುಮಾಸ್ತ ಒಲ್ಲೆ ಅಂದ್ರಿ. 'ಇದು ಫ್ಯಾಕ್ಸ್ ಅಲ್ಲ, ಎಲ್ಯೋ ಟೈಪ್ ಮಾಡಿಸೀರಿ. ಫ್ಯಾಕ್ಸ್ ಆಗಿದ್ರ ಸುರುಳಿ ಇರ್ತಿತ್ತು' ಅಂತಾನ್ರಿ."

ಒಳಗೆ ನನ್ನ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಗಿ ಕಸಿದುಕೊಂಡು ಬಂದೆ. ಕಾಗದವನ್ನು ಅದಕ್ಕೆ ಬಿಗಿಯಾಗಿ ಸುತ್ತಿ, ನಾಲ್ಕು ಸಲ ಉರುಳಿಸಿ, ಸುರುಳಿ ಮಾಡಿ ಕೊಟ್ಟೆ. ತಾಸಿನೊಳಗೆ ನೇಕಾರರು ನೂಲಿನ ಸಮೇತ ಬಂದರು.

"ಏನಂದ್ರು?"

"'ಹಾಂ, ಇದು ಖರೇ ಫ್ಯಾಕ್ಸು' ಅಂದ್ರು. ಆಮ್ಯಾಲೆ ಅದು ಸುರುಳಿ ಆಗ್ತೈತಂತ ಮ್ಯಾಲೆ ಎರಡು ದಪ್ಪನ ಬುಕ್ಕು ಹೇರಿ ಸಪಾಟ ಮಾಡಾಕ ಹತ್ತಿದ್ರು."

ಗುಡ್ಡದ ಮಾತು

ಇಂಟರ್ನೆಟ್ ಫೋನಿನಲ್ಲಿ ಸಮಯದ ಚಿಂತೆ ಇರಲಿಲ್ಲ, ಕೆಂಪು ಅಂಕಿಯ ಹೆದರಿಕೆಯೂ ಇರಲಿಲ್ಲ. ಇದ್ದದ್ದು ಒಂದೇ ತೊಡಕು. ನಮ್ಮ ಮಾತು ಆ ಕಡೆ ಮುಟ್ಟಲು ಎರಡು ಉಸಿರಿನ ಹೊತ್ತು ಹಿಡಿಯುತ್ತಿತ್ತು. ಇವರು "ಹಲೋ" ಅನ್ನುವರು, ಉತ್ತರ ಬರಲಿಲ್ಲವೆಂದು ಮತ್ತೆ "ಹಲೋ" ಅನ್ನುವರು, ಅಷ್ಟರಲ್ಲಿ ಅವರದೂ ಬಂದು ಎರಡೂ ಡಿಕ್ಕಿ ಹೊಡೆಯುವವು. ಕಲಿತವರೇ ಸಿಟ್ಟಾಗಿ ಹೆಡ್‌ಫೋನ್ ಕಿತ್ತಿಡುತ್ತಿದ್ದರು.

ಒಂದು ರವಿವಾರ ಜಾಂಬೋಟಿ ಕಡೆಯ ದನಗಾಹಿ ಅಜ್ಜನೊಬ್ಬ ಬಂದ. ಅವನ ತಮ್ಮ ಅರಬರ ದೇಶದ ದೊಡ್ಡ ಡೇರಿಯಲ್ಲಿ ಆಕಳು ಕಾಯುತ್ತಿದ್ದ. ಅಜ್ಜ ಹೆಡ್‌ಫೋನನ್ನು ರುಮಾಲಿನ ಮೇಲೇ ಏರಿಸಿ, ಒಂದು ಮಾತು ಕೂಗಿ, ಕೈಕಟ್ಟಿ ಸುಮ್ಮನೆ ಕುಳಿತ. ಉತ್ತರ ಬಂತು. ಇನ್ನೊಂದು ಕೂಗಿದ, ಮತ್ತೆ ಸುಮ್ಮನೆ ಕುಳಿತ. ಒಂದು ಮಾತೂ ಡಿಕ್ಕಿಯಾಗಲಿಲ್ಲ.

"ಯಜ್ಜಾ, ಇದನ್ನ ಎಲ್ಲಿ ಕಲತಿ?"

"ಕಲಿಯೂದೇನೈತ್ರಿ ಸಾವ್ಕಾರ್ರ? ಈ ಗುಡ್ಡದಿಂದ ಆ ಗುಡ್ಡಕ್ಕ ಕೂಗಿದ್ರ ಹಿಂಗ ಅಲ್ರಿ? ಕೂಗಬೇಕು, ಕುಂದರಬೇಕು. ಮಾತು ಹೋಗಿ ಬರಬೇಕಲ್ರಿ!"

ಅಷ್ಟರಲ್ಲಿ ಆ ಕಡೆ ಒಂದು ಆಕಳು ಒದರಿದ್ದು ಹೆಡ್‌ಫೋನಿನ ಹೊರಗೂ ಕೇಳಿತು. ಅಜ್ಜ ಕಣ್ಣು ಮುಚ್ಚಿ ಕೇಳಿದ. "ತಮ್ಮಾ, ಅದು ಹಸದಿಲ್ಲೋ. ಕರಾ ಹುಡುಕಾಕತ್ತೈತಿ. ಬಿಡು ಕರಾನ." ಸ್ವಲ್ಪ ಹೊತ್ತಿಗೆ ಒದರುವುದು ನಿಂತಿತು. ಸಮುದ್ರದಾಚೆಯ ಆಕಳನ್ನು ಶಹಾಪುರದ ಸ್ಟೂಲಿನ ಮೇಲೆ ಕುಳಿತವನು ಸಮಾಧಾನ ಮಾಡಿದ್ದ.

ಅಜ್ಜ ಹೆಡ್‌ಫೋನ್ ತೆಗೆದು ಮೂಗಿಗೆ ಹಿಡಿದು ನೋಡಿದ. "ಎಲ್ಲಾ ಬಂತ್ರಿ. ಸಗಣಿ ವಾಸನಿ ಒಂದ ಬರ್ಲಿಲ್ಲ."

ಮೊದಲ ಜಗಳ

ಅದೇ ರವಿವಾರ ಅಜ್ಜನ ಹಿಂದೆ ಖಾನಾಪುರದ ಹೆಣ್ಣುಮಗಳ ಪಾಳಿ. "ಅಕ್ಕಾರ, ಇದರಾಗ ಮೀಟರ್ ಓಡಂಗಿಲ್ಲ. ಅರ್ಧಾ ತಾಸು ಆರಾಮ ಮಾತಾಡ್ರಿ," ಎಂದೆ. ಆಕೆ ತಲೆಯಾಡಿಸಿ, ಚೀಟಿ ಬಿಚ್ಚಿ, ಎಂದಿನಂತೆ ಒಂದೇ ಉಸಿರಿಗೆ ಓದಿ ಮುಗಿಸಿದಳು. ಮಗಳು ಹೆಡ್‌ಫೋನಿನ ವೈರು ಎಳೆದಿದ್ದರಿಂದ ಗಂಡನ "ಹೂಂ" ಸ್ಪೀಕರಿನಲ್ಲಿ ಇಡೀ ಅಂಗಡಿಗೆ ಕೇಳಿತು. ಆಮೇಲೆ ಆಕೆ ಚೀಟಿ ಮಡಚಿದಳು. ಮೂರು ವರ್ಷದಲ್ಲಿ ಅವರಿಗೆ ಮಿಕ್ಕ ಹೊತ್ತು ಅಂತ ಸಿಕ್ಕಿರಲೇ ಇಲ್ಲ.

"ಮುಗೀತ್ರಿ ಅಣ್ಣಾರ. ಏನ್ ಮಾತಾಡ್ಲಿ?" ಎಂದು ನನ್ನ ಮುಖ ನೋಡಿದಳು.

ಇನ್ನೂ ಅಲ್ಲೇ ಕುಳಿತಿದ್ದ ಅಜ್ಜ ಹೇಳಿದ: "ಉಂಡಾನೇನು ಕೇಳ ಯವ್ವಾ."

ಖಾನಾಪುರದವರಲ್ಲವೇ, ಗಂಡನನ್ನು ಮರಾಠಿಯವರಂತೆ 'ಅಹೋ' ಎಂದೇ ಕರೆಯುವುದು. "ಅಹೋ, ಊಟ ಆತ್ರೀ?"

"ಆತು. ಚಪಾತಿ."

"ಯಾರ್ ಮಾಡಿದ್ದು?"

"ನಾನ."

ಅಷ್ಟೇ ಸಾಕಾಯಿತು. "ಊರಾಗಿದ್ದಾಗ ಒಂದ್ ದಿನಾ ಒಲಿ ಮುಂದ ಕುಂತವರಲ್ಲ, ಅಲ್ಲಿ ಕಂಡ ಕಂಡವರಿಗೆ ಚಪಾತಿ ಸುಡ್ತೀರಿ! ಇಲ್ಲಿ ನಿಮ್ಮ ಮಗಳು ಅಂಗಡಿ ರಿಸೀವರಿಗೆ ಅಪ್ಪಾ ಅಂತಾಳ! ಮಾವ ಹೇಳಿದ್ರು ಅಂತ ಇನ್ನೆರಡು ವರ್ಷಕ್ಕ ಸಹಿ ಹಾಕ್ರಿ, ಆಮ್ಯಾಲೆ ನನ್ನ ಹೆಸರು ತಗೀಬ್ಯಾಡ್ರಿ!"

"ತಡಿ ಯವ್ವಾ," ಎಂದ ಅಜ್ಜ, "ಅದಿನ್ನಾ ಗುಡ್ಡ ದಾಟ್ಲಿ."

ಎಲ್ಲರೂ ಉಸಿರು ಹಿಡಿದು ಕಾದೆವು. ಮಸ್ಕತ್ತಿನಿಂದ ಸಣ್ಣ ದನಿ ಬಂತು: "ನನಗೂ ಬರೂದೈತಿ. ನೀ ಒಮ್ಮೆನೂ ಬಾ ಅನ್ನಲಿಲ್ಲಲ್ಲ? ಬಾ ಅಂದ್ರ ಇವತ್ತ ಸಹಿ ಒಲ್ಲೆ ಅಂತೀನಿ."

"ಬರ್ರಿ!" ಎಂದು ಆಕೆ ಚೀರಿದ ದನಿಗೆ ಇಂಟರ್ನೆಟ್ಟೇ ಬೇಕಿರಲಿಲ್ಲ.

ಉಳಿದ ಅರ್ಧ ತಾಸು ಸುಖವಾಗಿ ಜಗಳಾಡಿದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಹೋಗುವಾಗ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಬರೂ ರವಿವಾರನೂ ಇಷ್ಟ ಹೊತ್ತು ಇಡ್ರಿ ಅಣ್ಣಾರ. ಜಗಳಾ ಇನ್ನಾ ಮುಗದಿಲ್ಲ," ಎಂದಳು.

ಹಿಟ್ಟು

ಆದರೆ ಮಾವ ನಂಬಬೇಕಲ್ಲ. "ಫೋನ್ಯಾಗ ಯಾರ ಬೇಕಾದ್ರೂ ಏನ ಬೇಕಾದ್ರೂ ಅಂತಾರ. ಬರ್ತೀನಿ ಅಂತ ಫ್ಯಾಕ್ಸ್ ಮಾಡ್ಲಿ," ಎಂದು ಪಟ್ಟು ಹಿಡಿದ. ಗಂಡ ಮಸ್ಕತ್ತಿನಿಂದ ಕಂಪನಿಯ ಬಿಡುಗಡೆ ಪತ್ರದ ಜೊತೆ ಕೈಬರಹದಲ್ಲಿ ಫ್ಯಾಕ್ಸ್ ಕಳಿಸಿದ: 'ಸಹಿ ಮಾಡಿಲ್ಲ. ಮುಂದಿನ ತಿಂಗಳು ಬರುತ್ತೇನೆ.' ಕಂಪ್ಯೂಟರಿನಿಂದ ಅಚ್ಚು ತೆಗೆದು ಆಕೆಗೆ ಕೊಟ್ಟೆ.

ಆಕೆ ಆ ಸಪಾಟು ಕಾಗದ ನೋಡಿ ಗಾಬರಿಯಾದಳು. "ನಮ್ಮ ಮಾವ ಹತ್ತು ವರ್ಷ ಸಾಹೇಬರ ಟೇಬಲ್ಲಿಗೆ ಫ್ಯಾಕ್ಸ್ ಹೊತ್ತವರ್ರಿ. ಹಿಂಗ ಒಯ್ದ್ರ ಹರದ ಒಗೀತಾರ."

ಮತ್ತೆ ಲಟ್ಟಣಗಿ ತರಿಸಿದೆ. ಈ ಸಲ ಆಕೆಯೇ ಕೈಗೆ ತೆಗೆದುಕೊಂಡಳು. ನಾಲ್ಕೇ ಉರುಳಿಗೆ ನಮ್ಮ ಹಳೆಯ ಮಷಿನ್ನಿಗೂ ಬಾರದಂಥ ಸುರುಳಿ.

ಮುಂದಿನ ರವಿವಾರ ಸೊಸೆಯ ಜೊತೆ ಮಾವನೇ ಬಂದ. ಬಿಳಿ ಟೊಪ್ಪಿಗೆ, ಬಗಲಲ್ಲಿ ಸುರುಳಿ. ಅದನ್ನು ನನ್ನ ಟೇಬಲ್ಲಿನ ಮೇಲೆ ಬಿಚ್ಚಿ, ಮೂಲೆಯಲ್ಲಿದ್ದ ಒಂದು ಬಿಳಿ ಕಲೆಯ ಮೇಲೆ ಬೆರಳಿಟ್ಟ. "ಇದೇನ್ರಿ?"

ಸೊಸೆಯ ಮುಖ ಬಿಳಚಿತು. ಮುದುಕ ಆ ಕಲೆಯನ್ನು ಉಗುರಿನಿಂದ ಕೆರೆದ, ಮೂಸಿದ, ನಾಲಿಗೆಗೆ ಹಚ್ಚಿದ.

"ಗೋದಿ ಹಿಟ್ಟು," ಎಂದ.

ಇನ್ನೇನು, ಲಟ್ಟಣಗಿಯ ವಿಷಯ ಒಪ್ಪಿಕೊಳ್ಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮುದುಕನ ಕಣ್ಣು ತುಂಬಿ ಬಂದವು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ.

"ನನ್ನ ಮಗನ ಕೈಯಾಗಿನ ಹಿಟ್ಟು! ಇದನೂ ಬರ್ತೈತೇನ್ರಿ ಈ ತಂತ್ಯಾಗ?"

ಸೊಸೆ ನನ್ನತ್ತ ನೋಡಿದಳು, ನಾನು ಮೇಲೆ ತಿರುಗುವ ಫ್ಯಾನ್ ನೋಡಿದೆ. ಮುದುಕ ಟೊಪ್ಪಿಗೆ ತೆಗೆದು ಕಂಪ್ಯೂಟರಿಗೆ ಕೈ ಮುಗಿದು, ಕುರ್ಚಿ ಎಳೆದುಕೊಂಡು ಮೈಕಿನ ಮುಂದೆ ಕುಳಿತ.

"ಫೋನ್ ಹಚ್ಚ್ರಿ ಮಸ್ಕತ್ತಿಗೆ. ಹೆಂಗೂ ಬರೂತನಾ ಇನ್ನೊಂದ ತಿಂಗಳೈತಿ, ಅಲ್ಲೀತನಾ ವಾರಕ್ಕ ಎರಡು ಚಪಾತಿ ಕಳಸಂತ ಹೇಳ್ತೀನಿ."