ದೇವಕಿ ಆಂಟಿಯ ಹೆಸರಿನ ಗಿಡ

ಪ್ರಶಾಂತನಿಗೆ ಓದುವ ಚಟವಿಲ್ಲದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಶನಿವಾರ ಸಂಜೆ ಅವನು ಸ್ವೀಡನ್ನಿನ ಲಿನೇಯಸ್ಸನ ಜೀವನಚರಿತ್ರೆ ಹಿಡಿದು ಕೂತಿದ್ದ. ಲೋಕದ ಗಿಡಮರಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟ ಆ ಮಹಾನುಭಾವ, ತನ್ನನ್ನು ಹೀಗಳೆದ ಪಂಡಿತನ ಹೆಸರನ್ನು ಒಂದು ಅಂಟು ಕಳೆಗೆ ಇಟ್ಟು ಸೇಡು ತೀರಿಸಿಕೊಂಡನಂತೆ. ಓದಿ ಪ್ರಶಾಂತನ ಹೊಟ್ಟೆ ತಣ್ಣಗಾಯಿತು.

ಮಲೇಶಿಯಾದ ಮಾಂಟ್ ಕಿಯಾರಾದಲ್ಲಿ ಅವರಿದ್ದ ಕಾಂಡೋ ಅಪಾರ್ಟ್‌ಮೆಂಟಿನ ತಾರಸಿ ತೋಟದಲ್ಲಿ ಅವನದೊಂದು ಪಾತಿಯಿತ್ತು. ಬಸುರಿ ಹೆಂಡತಿ ಅನನ್ಯಳಿಗೆ ಸಬ್ಬಸಿಗೆ ವಡೆಯ ಬಯಕೆ. ಊರಿಂದ ಅಮ್ಮ ಕಳಿಸಿದ ಬೀಜ ಎರಡು ಸಲ ಮಳೆಗೆ ಕೊಳೆತು, ಉಳಿದದ್ದು ಈಗಷ್ಟೇ ಬೆರಳುದ್ದ ಎದ್ದಿತ್ತು. ತೋಟದ ಕಮಿಟಿಯ ಅಧ್ಯಕ್ಷೆ ದೇವಕಿ ಆಂಟಿ ಮಾತ್ರ "ಇದು ಪಾತಿಯಾ, ಹುಲ್ಲುಗಾವಲಾ" ಎಂದು ಎಲ್ಲರೆದುರು ಹಂಗಿಸಿದ್ದರು. ಆ ಸಿಟ್ಟಿಗೆ ಪ್ರಶಾಂತ ಪಾತಿಯ ಮೂಲೆಯಲ್ಲಿದ್ದ ಅಂಟು ಕಳೆಯ ಪಕ್ಕ ‘ದೇವಕಿಯಾ ಮಲೇಶಿಯಾನಾ’ ಎಂದು ಚೀಟಿ ಚುಚ್ಚಿ ಬಂದು, ಹಾಯಾಗಿ ಮಲಗಿದ.

ಬೆಳಿಗ್ಗೆ ವಾಟ್ಸಾಪಿನಲ್ಲಿ ಆಂಟಿಯ ಸುತ್ತೋಲೆ ಬಂತು. ಈಗಲೇ ತಪಾಸಣೆ, ಕಳೆ ಕಂಡರೆ ಪಾತಿ ವಾಪಸ್.

ಪ್ರಶಾಂತ ಬನಿಯನ್ನಿನಲ್ಲೇ ತಾರಸಿಗೆ ಓಡಿದ. ಅಲ್ಲಿ ಪಕ್ಕದ ಮನೆಯ ಭಟ್ಕಳದ ಶಕೀಲ್ ಮೊಬೈಲ್ ಹಿಡಿದು ನಿಂತಿದ್ದ.

"ಫೋಟೋ ಗ್ರೂಪಿಗೆ ಹಾಕಿದೆ ಮಾರಾಯ್ರೆ. ಆಂಟಿ ಹೆಸರಲ್ಲಿ ಗಿಡ ಅಂದ್ರೆ ಸಣ್ಣ ವಿಷಯವಾ?"

ಪ್ರಶಾಂತ ಕಳೆಗೆ ಕೈ ಹಾಕಿದ. ಶಕೀಲ್ ಆ ಕೈ ಹಿಡಿದುಕೊಂಡ. "ಈಗ ಕಿತ್ರೆ ಆಂಟಿಯನ್ನೇ ಕಿತ್ತ ಹಾಗೆ ಲಾ," ಎಂದು ಮಲೇಶಿಯಾದವರ ಧಾಟಿಯಲ್ಲಿ ಎಳೆದ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ದೇವಕಿ ಆಂಟಿಯೇ ಬಂದರು. ಬಗ್ಗಿ ಚೀಟಿ ಓದಿದರು. ಪ್ರಶಾಂತ ಕಣ್ಣು ಮುಚ್ಚಿ ಪಾತಿಗೂ ವಡೆಗೂ ಎಳ್ಳುನೀರು ಬಿಟ್ಟ.

ಕಣ್ಣು ಬಿಟ್ಟರೆ ಆಂಟಿ ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಮ್ ಯಜಮಾನ್ರು ಕಾರನ್ನೂ ಅವರಮ್ಮನ ಹೆಸರಲ್ಲೇ ತಗೊಂಡಿದ್ದು ಕಣಪ್ಪಾ. ನನ್ನ ಹೆಸರಿಗೆ ಒಂದು ಕರೆಂಟ್ ಬಿಲ್ಲೂ ಬಂದಿಲ್ಲ."

ಪ್ರಶಾಂತನಿಗೆ ಹೋದ ಜೀವ ಬಂತು, ಜೊತೆಗೆ ನಾಚಿಕೆಯೂ ಆಯಿತು. ಆಂಟಿ ಮತ್ತೆ ಬಗ್ಗಿದರು.

"ಪಾಪ, ಎಷ್ಟು ಸೊರಗಿದೆ ನನ್ನ ಗಿಡ. ಈ ಸಬ್ಬಸಿಗೆನೇ ಸಾರ ಎಲ್ಲಾ ಹೀರ್ತಿದೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಸಸಿಗಳೆಲ್ಲ ಬೇರುಸಮೇತ ಅವರ ಮುಷ್ಟಿಯಲ್ಲಿದ್ದವು. ಒಂದು ವಡೆಗೂ ಸಾಲದಷ್ಟು ಸೊಪ್ಪು.

"ಇನ್ಮೇಲೆ ಇಡೀ ಪಾತಿ ಇದಕ್ಕೇ. ದಿನಾ ನೀರು ಹಾಕೋದು ನಿನ್ನ ಜವಾಬ್ದಾರಿ."

ಅನನ್ಯಳ ಮುಖ ನೆನೆದು ಪ್ರಶಾಂತನ ಕಣ್ಣು ತುಂಬಿತು. ಆಂಟಿ ಅದನ್ನು ಆನಂದಬಾಷ್ಪವೆಂದುಕೊಂಡು ಅವನ ಬೆನ್ನು ಸವರಿದರು. "ಇಂಥ ಒಳ್ಳೇ ಬುದ್ಧಿ ನಿಂಗೆ ಎಲ್ಲಿಂದ ಬಂತಪ್ಪಾ?"

ಉತ್ತರ ಕೊಟ್ಟವನು ಶಕೀಲ್. "ಲಿನೇಯಸ್ ಅಂತ ಒಬ್ಬರ ಪುಸ್ತಕ ಓದ್ತಾ ಇದ್ದಾರೆ ಆಂಟಿ, ನಿನ್ನೆ ನಂಗೂ ಹೇಳಿದ್ರು. ಅವರೂ ಹೀಗೇ ಗಿಡಕ್ಕೆ ಹೆಸರಿಡ್ತಿದ್ರಂತೆ."

"ಹೌದಾ? ನಡಿ, ಈಗ್ಲೇ ಕೊಡು. ಒಂದಕ್ಷರ ಬಿಡದೆ ಓದ್ತೀನಿ."

ಸೇಡಿನ ಕತೆಯಿದ್ದ ಪುಟದ ಮೂಲೆಯನ್ನು ಪ್ರಶಾಂತ ಗುರುತಿಗೆಂದು ಮಡಚಿಟ್ಟಿದ್ದ.