ಕ್ರಿಸ್‌ಮಸ್ ಮರ ಮೇಲೋ, ಮನೆನೊಣ ಮೇಲೋ?

ಎಣಿಸುವ ಚಟ ಒಳ್ಳೆಯದಲ್ಲ. ನನಗದು ಹೈಸ್ಕೂಲಿನಿಂದಲೇ ಇದೆ. ತಿಂದ ಇಡ್ಲಿ, ಹತ್ತಿದ ಮೆಟ್ಟಿಲು, ಬಂದ ಸೀನು, ಎಲ್ಲವೂ ತಾರೀಖು ಸಮೇತ ಡೈರಿಗೆ ಹೋಗುತ್ತವೆ. ಆದರೆ ಈ ಚಟವೇ ಒಮ್ಮೆ ಒಂದು ಮರದ ಪ್ರಾಣ ಉಳಿಸಿತೆಂದು ಹೆಮ್ಮೆಯಿಂದ ಹೇಳಿಕೊಳ್ಳಬಲ್ಲೆ.

ತೊಂಬತ್ತೆಂಟರಲ್ಲಿ ನಾನು ಬಾಗಲಕೋಟೆಯಿಂದ ಬಂದು ಬಿಟಿಎಂ ಲೇಔಟಿನ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೇಟಿನ ಪಕ್ಕ ಸೂಜಿಯೆಲೆಯ ಕ್ರಿಸ್‌ಮಸ್ ಮರ. ಸುತ್ತಿನ ಮೇಲೆ ಸುತ್ತು ಕೊಂಬೆ ಬಿಡುತ್ತಾ ಹನ್ನೊಂದನೇ ಸುತ್ತಿಗೆ ನನ್ನ ಕಿಟಕಿ ಮುಟ್ಟಿತ್ತು. ಬರೀ ಜಾಲಿಗಿಡ ನೋಡಿ ಬೆಳೆದ ನನಗೆ ಅದು ಗೋಪುರದಂತೆ ಕಾಣುತ್ತಿತ್ತು. ಓನರ್ ಮುನಿರಾಜಣ್ಣನಿಗೆ ಮಾತ್ರ ಅದನ್ನು ಕಂಡರಾಗದು. ಅದೇ ಜಾಗದಲ್ಲಿ ಹಿಂದೆ ರಾಗಿ ಬೆಳೆದವರು.

ಮೇ ತಿಂಗಳಲ್ಲಿ ಅವರ ಮನೆಗೆ ನೊಣ ನುಗ್ಗಿತು. "ಈ ಮರದಿಂದ್ಲೇ ಕಣ್ರೀ. ಭಾನುವಾರ ಕಡಿಸ್ಬಿಡ್ತೀನಿ," ಎಂದರು.

"ಅಣ್ಣಾರ, ನೊಣಕ್ಕೂ ಮರಕ್ಕೂ ಏನ್ರಿ ಸಂಬಂಧ?"

"ಎರಡೂ ಒಂದೇ. ಹಣ್ಣು ಬಿಡಲ್ಲ, ಮೇವಾಗಲ್ಲ. ನೊಣಾನೇ ವಾಸಿ, ಒಂದ್ ತಿಂಗಳಿಗೆ ಜಾಗ ಖಾಲಿ ಮಾಡ್ತದೆ."

ಬಾಡಿಗೆದಾರನಾದ ನಾನು ಈ ಹೋಲಿಕೆಯನ್ನೂ ಡೈರಿಗೆ ಬರೆದುಕೊಂಡೆ.

ಭಾನುವಾರಕ್ಕೆ ಆರು ದಿನವಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಕಿಟಕಿಯಲ್ಲಿ ನಿಂತು ಎಣಿಸಿದೆ. ಐದು ದಿನದಲ್ಲಿ ಕೊಂಬೆಗಳ ಮೇಲೆ ಕಂಡದ್ದು ಒಟ್ಟು ಮೂರೇ ನೊಣ. ಆ ಸೂಜಿಗಳ ಮೇಲೆ ಕೂತು ಕೈ ಉಜ್ಜಿಕೊಳ್ಳುವುದು ಅವಕ್ಕೂ ಕಷ್ಟ. ಮರ ನಿರಪರಾಧಿ! ಲೆಕ್ಕ ಪೂರ್ತಿಯಾಗಲೆಂದು ಆರನೇ ದಿನ ಕೆಳಗಿಳಿದು ಬುಡವನ್ನೂ ನೋಡಿದೆ. ನಲವತ್ತೆರಡರ ನಂತರ ಎಣಿಕೆ ತಪ್ಪಿತು. ಅವೆಲ್ಲ ಕೂತಿದ್ದದ್ದು ಮಾವಿನ ಸಿಪ್ಪೆಯ ಮೇಲೆ. ಪ್ರೀತಿಯ ಮರಕ್ಕೆ ಗೊಬ್ಬರವಾಗಲೆಂದು ಆ ಸಿಪ್ಪೆಗಳನ್ನು ದಿನಾ ಕಿಟಕಿಯಿಂದ ಎಸೆಯುತ್ತಿದ್ದವನು ನಾನೇ.

ಭಾನುವಾರ ಕೊಡಲಿಯವನು ಬಂದ. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಮರ ಹೋಗುತ್ತಿತ್ತು. ಗೇಟಿಗೆ ಅಡ್ಡ ನಿಂತು ಆರೂ ದಿನದ ಡೈರಿಯನ್ನು, ಸಿಪ್ಪೆ ಎಸೆದವನು ನಾನೇ ಎಂಬ ಸಾಲು ಸಮೇತ, ಗಟ್ಟಿಯಾಗಿ ಓದಿದೆ.

ಮುನಿರಾಜಣ್ಣ ಹಣೆ ಚಚ್ಚಿಕೊಂಡರು. "ಗೊಬ್ಬರಾನ ಯಾರಾದ್ರೂ ಮೇಲಿಂದ ಎಸೀತಾರೇನ್ರೀ? ಹೂತಾಕ್ಬೇಕು! ಓದಿದೋರಿಗೆ ಇಷ್ಟೂ ಗೊತ್ತಾಗಲ್ವಾ?" ಕೊಡಲಿಯವನನ್ನು ಕಳಿಸಿ, ಅಟ್ಟದಿಂದ ಗುದ್ದಲಿ ಇಳಿಸಿ, ಪಂಚೆ ಎತ್ತಿ ಕಟ್ಟಿ, ತಾವೇ ಅಗೆದು ತೋರಿಸಿದರು. ಎಷ್ಟೋ ವರ್ಷದ ಮೇಲೆ ಕೈಗೆ ಸಿಕ್ಕ ಗುದ್ದಲಿ. ಸಿಪ್ಪೆ ಮುಚ್ಚಿಯಾದರೂ ಕೆಳಗಿಡಲಿಲ್ಲ. ಮರದ ಸುತ್ತ ಚಂದದ ಪಾತಿ ಮಾಡಿ ನೀರೂ ಹಾಕಿದರು.

ವಾರದೊಳಗೆ ನೊಣ ಮಾಯ. ಮರ ಹನ್ನೆರಡನೇ ಸುತ್ತು ಬಿಟ್ಟಿತು. ಬೀದಿಯವರು ಕೇಳಿದಾಗೆಲ್ಲ ಮುನಿರಾಜಣ್ಣ ಪಾತಿ ತೋರಿಸಿ, "ನೊಣ ಮರದ್ದಲ್ಲ ಗುರು, ಬಾಗಲಕೋಟೆಯಿಂದ ಬಂದಿದ್ದು," ಎನ್ನುತ್ತಿದ್ದರು. ನಾನು ಎದೆಯುಬ್ಬಿಸಿಯೇ ಅವರ ಮುಂದೆ ಹಾದುಹೋಗುತ್ತಿದ್ದೆ.